ಮಗ ಅಂಗಡಿಯಲ್ಲಿ ಕನ್ನಡಿ ಒಡೆದು ಮುಚ್ಚಿಟ್ಟಿದ್ದಾನೆ, ಈಗ ಕೆಲಸಕ್ಕೆ ಹೋಗಲ್ಲ ಅಂತಾನೆ. ಏನು ಮಾಡಲಿ?

ಹಾಸನದ ಅಮ್ಮ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ಮಗನಿಗೆ 16 ವರ್ಷ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ. ಗೇರ್ ಸೈಕಲ್ ಬೇಕು ಅಂತ ಒಂದು ವರ್ಷದಿಂದ ಕೇಳುತ್ತಿದ್ದ. ಕೊನೆಗೆ ಅವನೇ "ಕೊಡಿಸಬೇಡಿ, ರಜೆಯಲ್ಲಿ ನಾನೇ ದುಡಿದು ತಗೋತೀನಿ" ಅಂದ. ನಮಗೂ ಖುಷಿಯಾಯಿತು. ನಮ್ಮ ಯಜಮಾನರಿಗೆ ಪರಿಚಯದವರದ್ದೊಂದು ಹಾರ್ಡ್‌ವೇರ್ ಅಂಗಡಿ ಇದೆ. ತಿಂಗಳಿಗೆ 6,000 ಅಂತ ಮಾತಾಯಿತು. ಬೆಳಗ್ಗೆ ಒಂಬತ್ತೂವರೆಗೆ ಹೋದರೆ ರಾತ್ರಿ ಎಂಟೂವರೆಗೆ ಬರುತ್ತಿದ್ದ.

ಮೊದಲ ವಾರ ಅವನ ಉತ್ಸಾಹ ನೋಡಬೇಕಿತ್ತು. ಬಚ್ಚಲುಮನೆಯ ನಲ್ಲಿ ಮುಂದೆ ನಿಂತು "ಅಮ್ಮ, ಇದು ಅರ್ಧ ಇಂಚು, ಇದಕ್ಕೆ ಮುಕ್ಕಾಲು ಇಂಚಿನ ಎಲ್ಬೋ, ಅಂದರೆ ಪೈಪು ತಿರುಗಿಸುವ ತುಂಡು, ಕೂರಲ್ಲ" ಅಂತ ನನಗೇ ಪಾಠ ಮಾಡುತ್ತಿದ್ದ.

ಹನ್ನೆರಡನೇ ದಿನ ಅಟ್ಟದಿಂದ ಬಾತ್‌ರೂಮ್ ಕನ್ನಡಿ ಇಳಿಸುವಾಗ ಕೈ ಜಾರಿದೆ. ಒಂದು ಮೂಲೆ ಒಡೆದಿದೆ. ಹೆದರಿಕೊಂಡು, ಒಡೆದ ಕಡೆ ಒಳಗೆ ಬರುವ ಹಾಗೆ ಮತ್ತೆ ರಟ್ಟಿನ ಡಬ್ಬಕ್ಕೆ ಹಾಕಿ ಹಿಂದಕ್ಕೆ ತಳ್ಳಿದ್ದಾನೆ. ಎರಡು ದಿನ ಆದ ಮೇಲೆ ಗಿರಾಕಿಯ ಮುಂದೆಯೇ ಓನರ್ ಡಬ್ಬ ಬಿಚ್ಚಿದ್ದಾರೆ. ಇವನ ಮುಖ ನೋಡಿಯೇ ಅವರಿಗೆ ಗೊತ್ತಾಯಿತಂತೆ. ಎಲ್ಲರೆದುರು "ಕಳ್ಳ" ಅಂದಿದ್ದಾರೆ. 850 ರೂಪಾಯಿ ಸಂಬಳದಲ್ಲಿ ಹಿಡಿಯುತ್ತೇನೆ ಅಂದಿದ್ದಾರೆ.

ಮನೆಗೆ ಬಂದವನು ಊಟ ಮಾಡಲಿಲ್ಲ. "ನಾಳೆಯಿಂದ ಹೋಗಲ್ಲ" ಅಂದ. ನಮ್ಮವರು ಕಿವಿ ಹಿಡಿದು ಕಳಿಸು ಅಂತಾರೆ. ಅತ್ತೆ "ಓದೋ ಮಗೂನ ಕೂಲಿಗೆ ಕಳಿಸಿದ್ದೇ ತಪ್ಪು" ಅಂತಾರೆ. ನನಗೆ ಕನ್ನಡಿ ಒಡೆದದ್ದು ಬೇಜಾರಿಲ್ಲ. ಮುಚ್ಚಿಟ್ಟನಲ್ಲ, ಅದು ನೋವಾಗಿದೆ. ಏನು ಮಾಡಲಿ?

ಬಯಲುಸೀಮೆ:

ಕಳಿಸಬೇಡಿ ಅಕ್ಕ. ಗಿರಾಕಿ ಮುಂದೆ ಹುಡುಗನನ್ನು ಕಳ್ಳ ಅಂದ ಮನುಷ್ಯನ ಹತ್ತಿರ ಏನು ಕಲಿಯುತ್ತಾನೆ? 14 ದಿನದ ಸಂಬಳ ಕೇಳಿ ತಗೊಂಡು ಬನ್ನಿ.

ಗಲ್ಲಾ ಮುಂದೆ ಕೂತವ:

ನಾನು ಚಿತ್ರದುರ್ಗದ ಕಡೆ 22 ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ, ಅದೇ ಹಾರ್ಡ್‌ವೇರ್ ಲೈನು. ಎರಡೂ ಕಡೆ ಹೇಳುತ್ತೇನೆ.

ಓನರ್ ಮಾಡಿದ್ದು ತಪ್ಪು. ಬೈಯಬೇಕಾದರೆ ಗೋಡೌನ್‌ಗೆ ಕರೆದುಕೊಂಡು ಹೋಗಿ ಬೈಯಬೇಕು. ಇನ್ನೊಂದು, ಹನ್ನೆರಡು ದಿನದ ಹುಡುಗನನ್ನು ಒಬ್ಬನೇ ಅಟ್ಟ ಹತ್ತಿಸಿ ಗಾಜಿನ ಸಾಮಾನು ಇಳಿಸಲು ಹೇಳಿದ್ದೇ ದೊಡ್ಡ ತಪ್ಪು. ನಮ್ಮಲ್ಲಿ ಕನ್ನಡಿ, ಕಮೋಡು, ವಾಷ್‌ಬೇಸಿನ್ ಯಾವಾಗಲೂ ಇಬ್ಬರು ಇಳಿಸಬೇಕು. ಕೆಳಗೆ ಒಬ್ಬ, ಮೇಲೆ ಒಬ್ಬ. ಹೊಸ ಹುಡುಗ ಬಂದರೆ ಮೊದಲ ವಾರ ಬರೀ ಯಾವ ಸಾಮಾನು ಎಲ್ಲಿದೆ ಅಂತ ನೋಡುವುದು, ಮೊಳೆ ತೂಗುವುದು, ಸಂಜೆ ಕಸ ಗುಡಿಸುವುದು. ಆಮೇಲೆ ಬಿಲ್ಲು. ಗಲ್ಲಾ ಹತ್ತಿರ ಆರು ತಿಂಗಳು ಬಿಡಲ್ಲ. ಅವನ ಮೇಲೆ ಅನುಮಾನ ಅಂತಲ್ಲ. ಲೆಕ್ಕ ತಪ್ಪಿದರೆ ಅವನ ತಲೆಗೆ ಬರಬಾರದು ಅಂತ.

ಈಗ ನಿಮ್ಮ ಮಗನ ಕಡೆ. ಒಡೆಯುವುದು ವ್ಯಾಪಾರದಲ್ಲಿ ಇದ್ದದ್ದೇ. ಮುಚ್ಚಿಟ್ಟರೆ ಏನಾಗುತ್ತೆ ಗೊತ್ತಾ? ಸ್ಟಾಕ್‌ನಲ್ಲಿ ಒಂದು ಇದೆ ಅಂತ ನಂಬಿ ಗಿರಾಕಿಗೆ ಮಾತು ಕೊಟ್ಟಿರುತ್ತೇನೆ. ಅವರು ಬಾಡಿಗೆ ಆಟೋ ಮಾಡಿಕೊಂಡು ಬಂದಿರುತ್ತಾರೆ, ಮನೆಯಲ್ಲಿ ಕೆಲಸದವರು ಕಾದಿರುತ್ತಾರೆ. ಅಲ್ಲಿ ಹೋಗುವುದು 850 ಅಲ್ಲ, ಮಾತು. ಇದನ್ನು ಅವನಿಗೆ ಯಾರೂ ಹೇಳಿಲ್ಲ ಅನಿಸುತ್ತೆ. ನೀವು ಹೇಳಿ. ಆಮೇಲೆ ಅವನೇ ಹೋಗಿ ತಪ್ಪಾಯಿತು ಅನ್ನಲಿ. ಅಪ್ಪ ಜೊತೆಗೆ ಹೋಗಬಾರದು.

ಬಯಲುಸೀಮೆ:

ಸರ್, ನಿಮ್ಮಂಥ ಓನರ್ ಆದರೆ ಸರಿ. ನಾನು 15ನೇ ವಯಸ್ಸಿನಲ್ಲಿ ಬಟ್ಟೆ ಅಂಗಡಿಯಲ್ಲಿದ್ದೆ. ತಪ್ಪು ಒಪ್ಪಿಕೊಂಡ ದಿನವೇ ನನಗೆ ಕಪಾಳಕ್ಕೆ ಬಿತ್ತು. ಮುಂದೆ ಮೂರು ವರ್ಷ ಯಾವ ತಪ್ಪನ್ನೂ ಹೇಳಲಿಲ್ಲ. ಮುಚ್ಚಿಡುವುದನ್ನು ಹುಡುಗರಿಗೆ ಕಲಿಸುವವರು ಯಾರು, ಅದನ್ನೂ ಕೇಳಿಕೊಳ್ಳಬೇಕಲ್ವಾ?

ಗಲ್ಲಾ ಮುಂದೆ ಕೂತವ:

ಒಪ್ಪುತ್ತೇನೆ. ಕೈ ಮಾಡಿದ ದಿನವೇ ಅವನು ಓನರ್ ಅನ್ನಿಸಿಕೊಳ್ಳುವ ಯೋಗ್ಯತೆ ಕಳೆದುಕೊಂಡ.

ಕಾನೂನು ಓದಿದವಳು:

ಇಲ್ಲಿ ಯಾರೂ ಗಂಟೆಯ ವಿಷಯ ಎತ್ತಲಿಲ್ಲ. ಹುಡುಗ ದಿನಕ್ಕೆ 11 ಗಂಟೆ ಅಂಗಡಿಯಲ್ಲಿ ನಿಂತಿದ್ದಾನೆ!

ಬಾಲ ಕಾರ್ಮಿಕ ಕಾಯ್ದೆ 1986ರದ್ದು. 2016ರಲ್ಲಿ ತಿದ್ದುಪಡಿ ಆಯಿತು. 14 ತುಂಬದ ಮಕ್ಕಳನ್ನು ಹೊರಗಿನ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರ ಕಸುಬಿನಲ್ಲಿ ಕೈಜೋಡಿಸಬಹುದು, ಅದೂ ಅಪಾಯದ ಕೆಲಸ ಆಗಿರಬಾರದು. 14ರಿಂದ 18ರವರನ್ನು ಗಣಿ, ಸ್ಫೋಟಕ, ಬೆಂಕಿ ಹತ್ತುವ ವಸ್ತು, ಅಪಾಯದ ಕಾರ್ಖಾನೆ ಕೆಲಸ ಬಿಟ್ಟು ಬೇರೆ ಕಡೆ ಇಟ್ಟುಕೊಳ್ಳಬಹುದು. ಆದರೆ ಮಿತಿ ಇದೆ. ಮಧ್ಯದ ಬಿಡುವೂ ಸೇರಿ ದಿನಕ್ಕೆ ಆರು ಗಂಟೆ. ಒಂದೇ ಸಮ ಮೂರು ಗಂಟೆಗಿಂತ ಜಾಸ್ತಿ ಇಲ್ಲ, ಆಮೇಲೆ ಒಂದು ಗಂಟೆ ಬಿಡುವು. ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೆಲಸ ಇಲ್ಲ. ಓವರ್‌ಟೈಮ್ ಇಲ್ಲ. ವಾರಕ್ಕೆ ಒಂದು ದಿನ ರಜೆ.

ಹಾರ್ಡ್‌ವೇರ್ ಅಂಗಡಿ ಅಂದಿರಿ. ಥಿನ್ನರ್, ಆಸಿಡ್ ಇರುವ ಕಡೆ ಅವನನ್ನು ಬಿಡಬೇಡಿ ಅಂತ ಓನರ್‌ಗೆ ಬಾಯಿಬಿಟ್ಟು ಹೇಳಿ.

ಕನ್ನಡಿ ದುಡ್ಡಿನ ವಿಷಯ: ವೇತನ ಕಾನೂನಿನ ಪ್ರಕಾರ ನಷ್ಟಕ್ಕೆ ಹಣ ಹಿಡಿಯುವ ಮುಂಚೆ ಕೆಲಸಗಾರನ ಮಾತು ಕೇಳಬೇಕು. ಆದ ನಷ್ಟಕ್ಕಿಂತ ಒಂದು ರೂಪಾಯಿ ಜಾಸ್ತಿ ಹಿಡಿಯುವಂತಿಲ್ಲ.

ಪೇಪರ್ ಲೈನ್:

ಮೇಡಂ, ಕಾನೂನು ಸರಿ. ಆದರೆ ಈ ಲೆಕ್ಕ ಹಿಡಿದರೆ ಯಾರು ಹುಡುಗರನ್ನು ಸೇರಿಸಿಕೊಳ್ಳುತ್ತಾರೆ? ನಾನು ಎಂಟನೇ ಕ್ಲಾಸಿನಿಂದ ಪಿಯುಸಿವರೆಗೆ ಪೇಪರ್ ಹಾಕಿದವನು. ಬೆಳಗ್ಗೆ ನಾಲ್ಕೂವರೆಗೆ ಬಸ್‌ಸ್ಟ್ಯಾಂಡ್ ಮೆಟ್ಟಿಲ ಮೇಲೆ ಕೂತು ಪುರವಣಿ ಸೇರಿಸುತ್ತಿದ್ದೆವು. ನನ್ನ ಶಿಸ್ತು ಪೂರ್ತಿ ಅಲ್ಲಿಂದಲೇ ಬಂದದ್ದು.

ಕಾನೂನು ಓದಿದವಳು:

ನಿಮ್ಮ ಶಿಸ್ತು ನಿಮ್ಮದು ಸರ್, ಅದನ್ನು ಗೌರವಿಸುತ್ತೇನೆ. ಆದರೆ ಕ್ಲಾಸಿನಲ್ಲಿ ನಿದ್ದೆ ಬರುತ್ತಿತ್ತೋ ಇಲ್ಲವೋ ಹೇಳಿ.

ಪೇಪರ್ ಲೈನ್:

ಬರುತ್ತಿತ್ತು. ಗಣಿತದ ಪೀರಿಯಡ್‌ನಲ್ಲಿ ಪ್ರತಿ ದಿನ. ಅದಕ್ಕೇ ಗಣಿತ ಹೋಯಿತು ಅಂತ ಈಗ ಅನಿಸುತ್ತೆ. ಆದರೂ ಮಳೆಯಲ್ಲಿ ಪೇಪರ್ ನೆನೆಯದ ಹಾಗೆ ಅಂಗಿಯೊಳಗೆ ಇಟ್ಟುಕೊಂಡು ಓಡಿದ್ದು ಮರೆಯಲ್ಲ.

ಕರಾವಳಿಯ ಮಗ:

ನಮ್ಮಪ್ಪ ಕುಂದಾಪುರದ ಕಡೆಯವರು. 1974ರಲ್ಲಿ 13ನೇ ವಯಸ್ಸಿಗೆ ಮುಂಬೈಗೆ ಹೋದರು. ಮಾಟುಂಗದ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಮಾಣಿ. ಸಂಜೆ ಕನ್ನಡ ರಾತ್ರಿ ಶಾಲೆ. ಅಲ್ಲಿ ಓದಿಯೇ ಮೆಟ್ರಿಕ್ ಪಾಸಾದರು. ಮುಂಬೈಯ ಕನ್ನಡ ರಾತ್ರಿ ಶಾಲೆಗಳು ಇಲ್ಲದಿದ್ದರೆ ನಮ್ಮೂರಿನ ಎಷ್ಟೋ ಜನ ಹೆಬ್ಬೆಟ್ಟೇ ಒತ್ತುತ್ತಿದ್ದರು.

ಈ ಕಥೆ ಹೇಳಿದರೆ ಎಲ್ಲರೂ "ಆಗಿನ ಕಾಲದ ಹುಡುಗರು ನೋಡಿ" ಅಂತಾರೆ. ಅಪ್ಪನ ಹತ್ತಿರ ಹಾಗೆ ಅಂದರೆ ಕೋಪ ಬರುತ್ತದೆ. ಪಾತ್ರೆ ತೊಳೆಯುವ ನೀರಿನಲ್ಲಿ ಇಡೀ ದಿನ ನಿಂತು ಅವರ ಕಾಲ್ಬೆರಳ ಸಂದಿ ಕೊಳೆತು ಹೋಗುತ್ತಿತ್ತು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ಮಲಗುತ್ತಿದ್ದರಂತೆ. ಊರಿಗೆ ಬಂದದ್ದು ನಾಲ್ಕು ವರ್ಷದ ಮೇಲೆ. ಹೋಟೆಲು, ಢಾಬಾ, ಮನೆಗೆಲಸಕ್ಕೆ 14ರೊಳಗಿನ ಮಕ್ಕಳನ್ನು ಇಡಬಾರದು ಅಂತ 2006ರ ಅಕ್ಟೋಬರ್‌ನಲ್ಲಿ ಜಾರಿಯಾದಾಗ ಅಪ್ಪ ಪೇಪರ್ ಹಿಡಿದು ಅಮ್ಮನಿಗೆ ಓದಿ ಹೇಳಿದ್ದರು.

ಆದರೆ ಒಂದು ಮಾತು ಮಾತ್ರ ಅವರು ಈಗಲೂ ಹೇಳುತ್ತಾರೆ. "ಒರೆಸಿದ ಟೇಬಲ್ ಮೇಲೆ ಅಂಗೈ ಇಟ್ಟು ನೋಡು. ಅಂಟಿದರೆ ನೀನು ಒರೆಸಿಲ್ಲ." ನಾನು ಇವತ್ತು ಆಫೀಸಿನಲ್ಲಿ ಲೆಕ್ಕಪತ್ರ ಕಳಿಸುವ ಮುಂಚೆ ಇನ್ನೊಂದು ಸಲ ನೋಡುವುದು ಆ ಮಾತಿನಿಂದ.

ತೋಟದ ಮನೆ:

ಕರಾವಳಿಯ ಮಗ ಹೇಳಿದ್ದು ನೂರಕ್ಕೆ ನೂರು. ನಮ್ಮದು ಸಾಗರದ ಕಡೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಅಂಗಳದಲ್ಲಿ ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದೆವು. ಸುಲಿದವರಿಗೆಲ್ಲ ಡಬ್ಬದ ಲೆಕ್ಕದಲ್ಲಿ ದುಡ್ಡು. ನನಗೂ ಹೈಸ್ಕೂಲಿನಿಂದ ಅದೇ ಲೆಕ್ಕ, ಮನೆ ಮಗ ಅಂತ ಬಿಟ್ಟಿ ಇಲ್ಲ. ಡಬ್ಬ ಬೇಗ ತುಂಬಲಿ ಅಂತ ಒಂದು ದಿನ ಸಿಪ್ಪೆ ಉಳಿದ ಅಡಿಕೆಯನ್ನು ಅಡಿಯಲ್ಲಿ ಹಾಕಿದೆ. ಅಜ್ಜಿ ಏನೂ ಮಾತಾಡಲಿಲ್ಲ. ನನ್ನ ಡಬ್ಬವನ್ನು ಚಾಪೆ ಮೇಲೆ ಸುರಿದು, ಒಂದೊಂದೇ ಆರಿಸಿ, ಸಿಪ್ಪೆ ಇದ್ದದ್ದನ್ನು ನನ್ನ ಮುಂದೆ ಇಟ್ಟರು. ಎಲ್ಲರೂ ಮಲಗಿದ ಮೇಲೂ ನಾನು, ಅಜ್ಜಿ ಇಬ್ಬರೇ ಕೂತು ಮುಗಿಸಿದೆವು. ಅಜ್ಜಿಯೂ ಮಲಗಲಿಲ್ಲ ನೋಡಿ, ಅದೇ ನನಗೆ ನಾಟಿದ್ದು.

ಪೇಪರ್ ಲೈನ್:

ಈಗ ಎಲ್ಲ ಕಡೆ ಸುಲಿಯುವ ಮಿಷನ್ ಬಂದಿದೆಯಲ್ಲ?

ತೋಟದ ಮನೆ:

ಬಂದಿದೆ. ಜನ ಸಿಗಲ್ಲ, ಏನು ಮಾಡುವುದು. ಮಿಷನ್ನಿಗೆ ಹಾಕಿದರೂ ಕೆಲವು ಅಡಿಕೆಗೆ ಪೆಟ್ಟಾಗುತ್ತೆ, ಕೈಯಲ್ಲಿ ಆರಿಸುವುದು ತಪ್ಪಲ್ಲ.

ಬಯಲುಸೀಮೆ:

ಅಡಿಕೆ ವಿಷಯ ಬೇರೆ ಕಡೆ ಮಾತಾಡೋಣ. ಪಾಪ, ಅಕ್ಕ ಕಾಯುತ್ತಿದ್ದಾರೆ.

ಕುಚ್ಚು ಕಟ್ಟುವವಳು:

ಹುಡುಗಿಯರ ಮಾತನ್ನೂ ಸ್ವಲ್ಪ ಕೇಳಿ. ಎಲ್ಲರೂ ಅಂಗಡಿ, ಹೋಟೆಲು, ಪೇಪರ್ ಅಂತಲೇ ಹೇಳುತ್ತಿದ್ದೀರಿ. ನಮಗೆ ಹೊರಗೆ ಕಳಿಸಲ್ಲ. ಮನೆಯಲ್ಲೇ ಕೂತು ಮಾಡುವ ಕೆಲಸ ಕೊಡುತ್ತಾರೆ. ಅದನ್ನು ಕೆಲಸ ಅಂತಲೂ ಯಾರೂ ಕರೆಯಲ್ಲ.

ನಾನು ಮೈಸೂರಿನಲ್ಲಿ 15ನೇ ವಯಸ್ಸಿಗೆ ಸೀರೆಗೆ ಕುಚ್ಚು ಕಟ್ಟಲು ಶುರು ಮಾಡಿದೆ. ಸೆರಗಿನ ಎಳೆ ಹುರಿ ಹಾಕಿ ಗಂಟು ಕಟ್ಟಬೇಕು. ಗಂಟು ಒಂದು ಮೇಲೆ ಒಂದು ಕೆಳಗೆ ಆದರೆ ಸೆರಗು ಹಿಡಿದ ತಕ್ಷಣ ಕಾಣುತ್ತೆ. ಬಿಚ್ಚಿ ಮತ್ತೆ ಕಟ್ಟಬೇಕು. ಕೆಲಸ ಚೆನ್ನಾಗಿ ಕಲಿತೆ. ಕಲಿಯದೇ ಹೋದದ್ದು ದುಡ್ಡು ಕೇಳುವುದು. ಒಬ್ಬ ಟೈಲರಕ್ಕ ಒಂಬತ್ತು ಸೀರೆಯ ದುಡ್ಡು ಮುಂದಿನ ವಾರ, ಮುಂದಿನ ವಾರ ಅಂತ ಎಳೆದು ಕೊನೆಗೆ ಕೊಡಲೇ ಇಲ್ಲ. "ಮನೆ ಹುಡುಗಿ, ದುಡ್ಡು ದುಡ್ಡು ಅಂತ ಕೇಳ್ತಾಳೆ" ಅಂತ ಅಮ್ಮನ ಹತ್ತಿರ ದೂರು ಬೇರೆ. ನಿಯತ್ತು ಎರಡೂ ಕಡೆ ಇರಬೇಕು. ನಿಮ್ಮ ಮಗ ತಪ್ಪಾಯಿತು ಅಂತ ಹೇಳಲಿ. ಅದೇ ಉಸಿರಿನಲ್ಲಿ ಸಂಬಳ ಯಾವ ತಾರೀಖು ಅಂತಲೂ ಕೇಳಲಿ. ಅದು ಉದ್ಧಟತನ ಅಲ್ಲ.

ಕಾನೂನು ಓದಿದವಳು:

ಇದನ್ನು ಚಪ್ಪಾಳೆ ತಟ್ಟಿ ಓದಿದೆ. ದುಡ್ಡನ್ನು ಹುಡುಗನ ಅಕೌಂಟಿಗೇ ಹಾಕಿಸಿ. ಹತ್ತು ವರ್ಷ ಆದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಬಹುದು, ಬ್ಯಾಂಕಿನಲ್ಲಿ ಕೇಳಿ.

ಡಲ್ಲಾಸ್ ಕನ್ನಡಿಗ:

ಇಲ್ಲಿನ ಮಾತು ಹೇಳುತ್ತೇನೆ. ಅಮೆರಿಕದಲ್ಲಿ ಹೈಸ್ಕೂಲು ಮಕ್ಕಳು ಐಸ್‌ಕ್ರೀಮ್ ಅಂಗಡಿ, ಈಜುಕೊಳ, ಕಿರಾಣಿ ಅಂಗಡಿಯಲ್ಲಿ ಕೆಲಸ ಮಾಡುವುದು ಮಾಮೂಲು. ಡಾಕ್ಟರ ಮಗನೂ ಮಾಡುತ್ತಾನೆ, ಡ್ರೈವರ್ ಮಗನೂ ಮಾಡುತ್ತಾನೆ. 14-15 ವಯಸ್ಸಿನವರಿಗೆ ಶಾಲೆ ಇರುವ ದಿನ ಮೂರು ಗಂಟೆ, ವಾರಕ್ಕೆ 18 ಗಂಟೆ, ಅಷ್ಟೇ. ಅಂಗಡಿಯವರು ಅದನ್ನು ಪಾಲಿಸುತ್ತಾರೆ. ಆದ್ದರಿಂದ ಗಂಟೆಗೆ ಮಿತಿ ಹಾಕಿದರೆ ಯಾರೂ ಕೆಲಸ ಕೊಡಲ್ಲ ಅನ್ನುವುದನ್ನು ನಾನು ಒಪ್ಪಲ್ಲ.

ನನ್ನ ಮಗಳಿಗೆ ಆಸೆ ಇತ್ತು, ಆಗಲಿಲ್ಲ. ನಾವು ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಇರುವವರು, ಮಕ್ಕಳದು ಅವಲಂಬಿತರ ಎಚ್-4 ವೀಸಾ. ಅವರು ದುಡಿಯುವ ಹಾಗಿಲ್ಲ. ಗೆಳತಿಯರೆಲ್ಲ ತಮ್ಮ ಸಂಬಳದ ಮಾತಾಡುವಾಗ ಇವಳು ಸುಮ್ನೆ ಕೂತಿರುತ್ತಾಳೆ. ಲೈಬ್ರರಿಯಲ್ಲಿ ಸಂಬಳ ಇಲ್ಲದೆ ಪುಸ್ತಕ ಜೋಡಿಸುತ್ತಾಳೆ. ಒಂದು ದಿನವೂ ಐದು ನಿಮಿಷ ತಡವಾಗಿ ಹೋಗಿಲ್ಲ. ನಿಮ್ಮ ಮಗನಿಗೆ ಆ ಅವಕಾಶ ಇದೆ ಅಮ್ಮ, ಒಂದು ಕನ್ನಡಿಗೋಸ್ಕರ ಬಿಡಿಸಬೇಡಿ.

ರ‍್ಯಾಂಕ್ ಮುಖ್ಯ:

ಎಲ್ಲರೂ ಭಾವುಕರಾಗಿದ್ದೀರಿ. ಪಿಯುಸಿ ಸೈನ್ಸ್ ಸೇರುವ ಹುಡುಗ ಈ ಎರಡು ತಿಂಗಳು ಗಣಿತ, ಭೌತಶಾಸ್ತ್ರದ ಬುಡ ಗಟ್ಟಿ ಮಾಡಿಕೊಳ್ಳಬೇಕು. ಮುಂದೆ ಸಿಇಟಿ ಇದೆ. ಪೈಪಿನ ಎಲ್ಬೋ, ಟೀ ತುಂಡು ಎಣಿಸಿ ಏನು ಬರುತ್ತೆ?

ಗಲ್ಲಾ ಮುಂದೆ ಕೂತವ:

ಸರ್, ನನ್ನ ಅಂಗಡಿಗೆ ಇಂಜಿನಿಯರ್‌ಗಳು ಬರುತ್ತಾರೆ. ಮನೆಗೆ ಎಷ್ಟು ಪೈಪು ಬೇಕು ಅಂತ ಅಂದಾಜು ಹೇಳಲು ಅವರಿಗೆ ಪ್ಲಂಬರ್ ಬೇಕು. ಎಣಿಸುವುದನ್ನು ಹಗುರ ಮಾಡಬೇಡಿ.

ರ‍್ಯಾಂಕ್ ಮುಖ್ಯ:

ಹಗುರ ಮಾಡಲಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಕೂಲಿ ಮಾಡಿ "ನೀನು ಮಾತ್ರ ಈ ಕೆಲಸ ಮುಟ್ಟಬೇಡ" ಅಂತ ಓದಿಸಿದರು. ಮಗ ಅಂಗಡಿಯಲ್ಲಿ ನಿಂತ ಅಂದರೆ ನನ್ನಂಥವರಿಗೆ ಹೊಟ್ಟೆಯಲ್ಲಿ ಸಂಕಟವಾಗುತ್ತೆ. ಅದನ್ನೂ ಅರ್ಥ ಮಾಡಿಕೊಳ್ಳಿ.

ಹಾಸನದ ಅಮ್ಮ:

ಅರ್ಥವಾಗುತ್ತೆ ಸರ್. ನಮ್ಮ ಅತ್ತೆಯದೂ ಇದೇ ಸಂಕಟ. ಅವರು ಕಾಫಿ ತೋಟದಲ್ಲಿ ಕೂಲಿ ಮಾಡಿದವರು.

ನಿನ್ನೆ ರಾತ್ರಿ ಮಗನ ಹತ್ತಿರ ಮಾತಾಡಿದೆ. ಯಾಕೆ ಮುಚ್ಚಿಟ್ಟೆ ಅಂದೆ. "ಅವರು ಅಪ್ಪನ ಪರಿಚಯ. ಅಪ್ಪನಿಗೆ ಮರ್ಯಾದೆ ಹೋಗುತ್ತೆ ಅನ್ನಿಸಿತು" ಅಂದ. ನಮ್ಮವರು ಪಕ್ಕದ ರೂಮಿನಲ್ಲಿ ಕೇಳಿಸಿಕೊಂಡರು. ಆಮೇಲೆ ಕಿವಿ ಹಿಡಿಯುವ ಮಾತು ಬರಲಿಲ್ಲ. ಆ ಎರಡು ರಾತ್ರಿ ಇವನಿಗೆ ಸರಿಯಾಗಿ ನಿದ್ದೆಯೇ ಇರಲಿಲ್ಲವಂತೆ.

ಸ್ಕೂಟಿ ಅಣ್ಣ:

ಅಷ್ಟು ಕಷ್ಟ ಯಾಕೆ, ಮನೆಯ ಸ್ಕೂಟಿ ಕೊಟ್ಟು ಪಾರ್ಸೆಲ್ ಡೆಲಿವರಿಗೆ ಬಿಡಿ. ಓನರ್ ಕಾಟವೇ ಇಲ್ಲ.

ಕಾನೂನು ಓದಿದವಳು:

ದಯವಿಟ್ಟು ಇಂಥ ಸಲಹೆ ಕೊಡಬೇಡಿ. 16ಕ್ಕೆ ಸಿಗುವುದು ಗೇರ್ ಇಲ್ಲದ 50 ಸಿಸಿ ಒಳಗಿನ ಗಾಡಿಯ ಲೈಸೆನ್ಸ್ ಮಾತ್ರ. ಉಳಿದದ್ದಕ್ಕೆ 18 ಆಗಬೇಕು. 2019ರ ತಿದ್ದುಪಡಿ ಆದ ಮೇಲೆ, ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ.

ಗಾಜು ಕೊಯ್ಯುವವ:

ನಾನು ಗಾಜಿನ ಕೆಲಸದವನು. ಒಂದು ವಿಷಯ ಯಾರೂ ಕೇಳಲಿಲ್ಲ. ಕನ್ನಡಿಗೆ ಚೌಕಟ್ಟು ಇತ್ತಾ? ಇಲ್ಲ ಅಂದರೆ, ಬರೀ ಮೂಲೆ ಒಡೆದಿದ್ದರೆ ಅದು ಹಾಳಾದ ಮಾಲಲ್ಲ. ಬಿರುಕು ಎಷ್ಟು ದೂರ ಓಡಿದೆ ಅಂತ ನೋಡಿ ಆಚೆಗೆ ಗೆರೆ ಹಾಕಿ ಕೊಯ್ದರೆ ಚಿಕ್ಕ ಕನ್ನಡಿ ಸಿಗುತ್ತೆ. ಅಂಚು ಉಜ್ಜಿ ಕೊಟ್ಟರೆ ವಾಷ್‌ಬೇಸಿನ್ ಮೇಲೆ ಹಾಕುವವರು ತಗೋತಾರೆ. ಅವತ್ತೇ ಹೇಳಿದ್ದರೆ ಗಿರಾಕಿ ಬರುವ ಮುಂಚೆಯೇ ಆಗಿಹೋಗುತ್ತಿತ್ತು. 850 ಪೂರ್ತಿ ನಷ್ಟ ಅಂತ ಓನರ್ ಬರೆದುಕೊಂಡರೆ ಲೆಕ್ಕ ತಪ್ಪು.

ಹಾಸನದ ಅಮ್ಮ:

ಚೌಕಟ್ಟು ಇಲ್ಲವಂತೆ ಅಣ್ಣ. ಒಂದೇ ಮೂಲೆ, ಒಂದು ಗೇಣು ಬಿರುಕು. ಇದನ್ನು ಅವನಿಗೆ ಓದಿ ಹೇಳಿದೆ. ಎದ್ದು ಕೂತು ಇನ್ನೊಂದು ಸಲ ಓದು ಅಂದ.

ಹಾಸನದ ಅಮ್ಮ (ನಾಲ್ಕು ದಿನದ ಮೇಲೆ):

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ.

ಸೋಮವಾರ ಬೆಳಗ್ಗೆ ಅಂಗಡಿ ಶಟರ್ ಎತ್ತುವ ಮುಂಚೆಯೇ ಹೋಗಿ ನಿಂತಿದ್ದಾನೆ. ಒಬ್ಬನೇ. "ಅಣ್ಣ, ಒಡೆದದ್ದು ಕೈ ಜಾರಿ. ಮುಚ್ಚಿಟ್ಟದ್ದು ಬೇಕಂತಲೇ, ಅದು ತಪ್ಪು. ಆದರೆ ನಾನು ಕಳ್ಳ ಅಲ್ಲ" ಅಂದನಂತೆ. ಕೊನೆಯ ಮಾತು ನಾವ್ಯಾರೂ ಹೇಳಿಕೊಟ್ಟದ್ದಲ್ಲ. ಓನರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶಟರ್ ಹಿಡಿ" ಅಂದರಂತೆ. ಅಷ್ಟೇ.

ಮಧ್ಯಾಹ್ನ ಇವನೇ ಕನ್ನಡಿ ಕೊಯ್ಯುವ ವಿಷಯ ಎತ್ತಿದ್ದಾನೆ. ಗಾಜಿನವರ ಹತ್ತಿರ ಕೊಟ್ಟು ಕಳಿಸಿದ್ದಾರೆ. ಅವರು ಪಟ್ಟಿ ಇಟ್ಟು ಕಟರ್‌ನಲ್ಲಿ ಒಂದೇ ಗೆರೆ ಎಳೆದು, ಮೇಜಿನ ಅಂಚಿಗೆ ತಂದು ಮೆಲ್ಲಗೆ ಒತ್ತಿದರಂತೆ. ಟಕ್ ಅಂತ ನೇರವಾಗಿ ಬಿಟ್ಟುಕೊಂಡಿತಂತೆ. ಗೆರೆ ಎಳೆಯುವಾಗ ನಡುವೆ ನಿಲ್ಲಿಸಬಾರದಂತೆ, ಎರಡನೇ ಸಲ ಎಳೆಯಬಾರದಂತೆ. ಮನೆಯಲ್ಲಿ ಸ್ಕೇಲು, ಪೆನ್ನು ಹಿಡಿದು ಅಜ್ಜಿಗೆ ತೋರಿಸಿದ. ಅತ್ತೆ ಮೊದಲ ಸಲ ನಕ್ಕರು.

ಆ ಕನ್ನಡಿ 500ಕ್ಕೆ ಹೋಯಿತು. ಉಳಿದ 350 ಮಗನೇ ಕೊಡುತ್ತೇನೆ ಅಂದ.

ಗಂಟೆಯ ವಿಷಯ ನಮ್ಮವರು ಹೋಗಿ ಮಾತಾಡಿದರು. ಈಗ ಬೆಳಗ್ಗೆ 10ರಿಂದ ಸಂಜೆ 4, ಒಂದರಿಂದ ಎರಡು ಊಟಕ್ಕೆ ಮನೆಗೆ ಬರುತ್ತಾನೆ. ಭಾನುವಾರ ರಜೆ. ಸಂಬಳ 4,500 ಆಯಿತು. ಗಾಜಿನ ಸಾಮಾನು ಇನ್ನು ಒಬ್ಬನೇ ಇಳಿಸುವುದಿಲ್ಲ.

ಬಯಲುಸೀಮೆ:

ಆ ಹುಡುಗ "ನಾನು ಕಳ್ಳ ಅಲ್ಲ" ಅಂದದ್ದು ಓದಿ ಕಣ್ಣು ತುಂಬಿತು. ನಾನು ಅವತ್ತು ಹೇಳಬೇಕಿತ್ತು.

ಕುಚ್ಚು ಕಟ್ಟುವವಳು:

ಸಂಬಳದ ತಾರೀಖು ಕೇಳಿದನಾ?

ಹಾಸನದ ಅಮ್ಮ:

ಕೇಳಿದ. ತಿಂಗಳ 5ನೇ ತಾರೀಖು.

ಕಾನೂನು ಓದಿದವಳು:

11 ಗಂಟೆ ದುಡಿದ ಆ 14 ದಿನಕ್ಕೆ ಹಳೆಯ ಲೆಕ್ಕದಲ್ಲೇ ಕೊಡಬೇಕು, ಅದನ್ನು ಬಿಡಬೇಡಿ.

ರ‍್ಯಾಂಕ್ ಮುಖ್ಯ:

ಸಂಜೆ 4 ಗಂಟೆಗೆ ಬರುತ್ತಾನೆ ಅಂದರೆ ಐದರಿಂದ ಏಳು ಓದಲು ಕೂರಿಸಿ. ಗಣಿತದಲ್ಲಿ ಏನಾದರೂ ಬೇಕಾದರೆ ನನಗೆ ಹೇಳಿ. ಮೇಷ್ಟ್ರ ಕೆಲಸ ಮಾಡಿದವನು, ದುಡ್ಡು ಬೇಡ.

ಪೇಪರ್ ಲೈನ್:

ಅಕ್ಕ, ಯಾವ ಸೈಕಲ್ ತಗೋತಾನಂತೆ?

ಹಾಸನದ ಅಮ್ಮ:

ಈ ದುಡ್ಡಿಗೆ ಹೊಸದು ಬರಲ್ಲ ಅಂತ ಅವನಿಗೇ ಗೊತ್ತಾಗಿದೆ. ಅಂಗಡಿ ಪಕ್ಕದ ಸೈಕಲ್ ರಿಪೇರಿಯವರ ಹತ್ತಿರ ಒಂದು ಹಳೆಯದು ನೋಡಿಟ್ಟಿದ್ದಾನೆ. ಚೈನು, ಬ್ರೇಕು ಹೊಸದು ಹಾಕಿಸಬೇಕಂತೆ.